ಮೂರು ಮಹಡಿಯ ಸ್ಟುಟ್‌ಗಾರ್ಟ್

ಕಳೆದ ಶನಿವಾರ ಲಿವರ್‌ಮೋರ್ ದೇವಸ್ಥಾನದಿಂದ ವಾಪಸು ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ ಎಂದು ಮಗಳು ಶುಭಾ ದ್ರಾಕ್ಷಿ ತೋಟಗಳ ನಡುವಿನ ಸಣ್ಣ ರಸ್ತೆ ಹಿಡಿದಳು. ನಾನು ಕಿಟಕಿ ಇಳಿಸಿದ್ದೆ. ಒಂದು ತಿರುವಿನಲ್ಲಿ ಆ ವಾಸನೆ ಬಂತು, ಆಗಷ್ಟೇ ಹಿಂಡಿದ ದ್ರಾಕ್ಷಿಯದು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಪಾತ್ರೆಯಿಂದ ಇಳಿದಿರುತ್ತದಲ್ಲ, ಅದಕ್ಕೆ ಯಾರೋ ಬೆಲ್ಲ ಕಲಸಿಟ್ಟ ಹಾಗೆ.

"ಅಮ್ಮಾ, ವಿಂಡೋ ಮೇಲೆ ಮಾಡು, ಎ.ಸಿ. ಹಾಕಿದೀನಿ," ಎಂದಳು ಶುಭಾ.

"ಇರೇ, ಒಂದು ನಿಮಿಷ. ಸ್ಟುಟ್‌ಗಾರ್ಟ್ ವಾಸನೆ ಬರ್ತಿದೆ."

"ನೀನು ಸ್ಟುಟ್‌ಗಾರ್ಟ್‌ಗೆ ಹೋಗೇ ಇಲ್ವಲ್ಲಮ್ಮಾ!"

ಹೋಗಿಲ್ಲ, ನಿಜ. ಆದರೆ ಎರಡು ವರ್ಷದ ಹಿಂದೆ ಒಂದಿಡೀ ಬೇಸಿಗೆ ನಾನು ಆ ಊರನ್ನು ದಿನವೂ ಹತ್ತಿ ಇಳಿದಿದ್ದೇನೆ. ಹತ್ತಿಸಿದವರು ಫ್ರೌ ಹೇಬರ್ಲೆ. ಆಗ ನನ್ನ ಎದುರು ಬಾಗಿಲಿನವರು. ಈಗ ಮಗಳ ಜೊತೆ ಓಕ್ಲೆಂಡಿನಲ್ಲಿದ್ದಾರೆ, ಭಾನುವಾರ ತಪ್ಪದೆ ಫೋನು ಮಾಡುತ್ತಾರೆ.

ನಾನು ಪ್ಲೆಸೆಂಟನ್‌ನ ಸೀನಿಯರ್ ಅಪಾರ್ಟ್‌ಮೆಂಟಿಗೆ ಬಂದ ಹೊಸತು. ಶುಭಾಳ ಮನೆ ಅದೇ ಊರಿನಲ್ಲಿ, ನನಗೊಂದು ರೂಮೂ ಇತ್ತು. ಆದರೆ ನನ್ನ ಬೀಗದ ಕೈ ನನ್ನ ಸೊಂಟದಲ್ಲೇ ಇರಬೇಕೆಂಬ ಹಟ ನನ್ನದು. ಕಟ್ಟಡಕ್ಕೆ ಮೂರು ಮಹಡಿ. ಕೆಳಗೆ ಮೇಲ್‌ಬಾಕ್ಸುಗಳ ಸಾಲು ಮತ್ತು ಪಾರ್ಕಿಂಗ್ ಲಾಟು, ನಡುವಿನ ಮಹಡಿಯಲ್ಲಿ ನಾನು. ಲಿಫ್ಟ್ ಇದ್ದುದರಿಂದ ಮೆಟ್ಟಿಲ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಬಂದ ಮಾರನೆಯ ಬೆಳಿಗ್ಗೆಯೇ ಬಾಗಿಲ ಮುಂದೆ ಗುಡಿಸಿ, ಪುಟ್ಟದೊಂದು ರಂಗೋಲಿ ಹಾಕಿದೆ. ಸ್ನಾನ ಮುಗಿಸಿ ಬಂದು ನೋಡಿದರೆ ಒಂದು ಚಿಟಿಕೆ ಪುಡಿಯೂ ಇಲ್ಲ. ಮರುದಿನ ಮತ್ತೆ ಹಾಕಿದೆ, ಮತ್ತೆ ಮಾಯ. ನನಗೂ ಹಟ ಬಂತು. ಗೌರಿ ಹಬ್ಬಕ್ಕೆ ಹಾಕುವಂಥ ದೊಡ್ಡ ಕಮಲವನ್ನೇ ಬಿಡಿಸಿ, ಒಳಗೆ ಹೋಗಿ ಬಾಗಿಲ ಕಿಂಡಿಗೆ ಕಣ್ಣಿಟ್ಟು ನಿಂತೆ.

ಎದುರು ಬಾಗಿಲು ತೆರೆಯಿತು. ಎತ್ತರದ ಮುದುಕಿಯೊಬ್ಬರು ಊರುಗೋಲು ಹಿಡಿದು ಬಂದರು. ಮಂಡಿ ಮಡಿಸಲಾಗದೆ ಪುಟ್ಟ ಸ್ಟೂಲಿನ ಮೇಲೆ ಕೂತು, ಹಿಡಿಬ್ರಷ್ಷಿನಿಂದ ನನ್ನ ಕಮಲವನ್ನು ಎಸಳೆಸಳಾಗಿ ಡಸ್ಟ್‌ಪ್ಯಾನಿಗೆ ತುಂಬತೊಡಗಿದರು. ನಾನು ಬಾಗಿಲು ತೆರೆದೆ.

"ಗುಡ್ ಮಾರ್ನಿಂಗ್. ಏನು ಮಾಡುತ್ತಿದ್ದೀರಿ, ಕೇಳಬಹುದೇ?"

"ನಿಮಗೆ ಸಹಾಯ," ಎಂದರು ಅವರು, ಬಹಳ ಮೃದುವಾಗಿ. "ನೀವು ದಿನಾ ಇಲ್ಲಿ ಹಿಟ್ಟು ಚೆಲ್ಲುತ್ತೀರಿ. ನಮ್ಮ ವಯಸ್ಸಿಗೆ ಕೈ ನಡುಗುತ್ತದೆ, ಐ ಅಂಡರ್‌ಸ್ಟ್ಯಾಂಡ್. ನಾನು ಮ್ಯಾನೇಜರಿಗೆ ಹೇಳಿಲ್ಲ."

"ಅದು ಚೆಲ್ಲಿದ್ದಲ್ಲ ಮೇಡಂ, ಬಿಡಿಸಿದ್ದು!"

ಡಸ್ಟ್‌ಪ್ಯಾನನ್ನೂ ಉಳಿದ ಅರ್ಧ ಕಮಲವನ್ನೂ ಅವರು ಸರದಿಯ ಮೇಲೆ ನೋಡಿದರು. ಕೆನ್ನೆ ಕೆಂಪಾಯಿತು. "ಹಾಗಾದರೆ ನಾನು ಅಳಿಸಿದ್ದು ತಪ್ಪು," ಎಂದರು. ಸ್ವಲ್ಪ ಯೋಚಿಸಿ, "ಆದರೆ ಮೆಟ್ಟಿಲು ಗುಡಿಸದೆ ಬಿಡುವುದೂ ತಪ್ಪು," ಎಂದರು.

ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ನನ್ನದು ಬೆಂಗಳೂರು ದಂಡಿನ ಕಾನ್ವೆಂಟಿನಲ್ಲಿ ಕಲಿತದ್ದು. ಅವರದು ಪ್ರತಿ ಪದವನ್ನೂ ಇಸ್ತ್ರಿ ಮಾಡಿ ಮಡಿಸಿಟ್ಟಂಥದ್ದು. ಅವರು ಸ್ಟುಟ್‌ಗಾರ್ಟಿನವರು, ಗಂಡ ಲಿವರ್‌ಮೋರಿನ ಒಂದು ಮೆಶೀನ್ ಶಾಪಿಗೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದವರು. ಅವರ ಊರಿನ ಬಾಡಿಗೆ ಮನೆಗಳಲ್ಲಿ ಗುಡಿಸುವ ವಾರ ಎಂಬ ಪದ್ಧತಿಯಿದೆಯಂತೆ. ಈ ವಾರ ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಬೋರ್ಡು ನೇತಾಡುತ್ತದೆ. ಅವರು ಮೆಟ್ಟಿಲು, ಜಗಲಿ, ಬೀದಿಯ ಅಂಚು ಎಲ್ಲ ಗುಡಿಸಿ, ವಾರ ಮುಗಿದ ಮೇಲೆ ಬೋರ್ಡನ್ನು ಪಕ್ಕದ ಬಾಗಿಲಿಗೆ ತೂಗುಹಾಕಬೇಕು. ಸರಿಯಾಗಿ ಗುಡಿಸದಿದ್ದರೆ ಯಾರೂ ಬಯ್ಯುವುದಿಲ್ಲ. ಬರೀ ನೋಡುತ್ತಾರೆ. "ಬಯ್ದರೆ ವಾಸಿ," ಎಂದರು ಫ್ರೌ ಹೇಬರ್ಲೆ.

ಇಲ್ಲಿ ಗುಡಿಸಲು ಕಂಪನಿಯವರು ಬರುತ್ತಿದ್ದರು, ಸಂಬಳವೂ ಇತ್ತು. ಅವರ ಗುಡಿಸುವಿಕೆಯ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಒಂದೇ ಆಗಿತ್ತು. ಸಂಜೆಯೊಳಗೆ ಫ್ರೌ ಹೇಬರ್ಲೆ ಒಂದು ರಟ್ಟು ಕತ್ತರಿಸಿ, ದಾರ ಪೋಣಿಸಿ ತಂದರು. ಒಂದು ವಾರ ನನ್ನ ಬಾಗಿಲಿಗೆ, ಒಂದು ವಾರ ಅವರದಕ್ಕೆ. ರಂಗೋಲಿ ನನ್ನ ವಾರದಲ್ಲಿ ಮಾತ್ರ. ಅವರ ಭಾಷೆಯಲ್ಲಿ ಶ್ರೀಮತಿಗೆ ಫ್ರೌ ಎನ್ನುತ್ತಾರೆ. ನಾನು ಅವರಿಗೆ ಫ್ರೌ ಹೇಬರ್ಲೆ ಎಂದೆ, ಅವರು ನನಗೆ ಫ್ರೌ ರಾವ್ ಎಂದರು. ಅದು ಇವತ್ತಿಗೂ ಬದಲಾಗಿಲ್ಲ.

ಏಪ್ರಿಲ್ ತಿಂಗಳು. ಹಿಂದಿನ ಗುಡ್ಡಗಳು ಇನ್ನೂ ಹಸಿರಾಗಿದ್ದವು. ಒಂದು ಬೆಳಿಗ್ಗೆ ಫ್ರೌ ಹೇಬರ್ಲೆ ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಅಣ್ಣ ಕಾರ್ಲ್ ಫೋನು ಮಾಡಿದ್ದನಂತೆ. ಸ್ಟುಟ್‌ಗಾರ್ಟಿನಲ್ಲಿ ಅಪ್ಪನ ಕಾಲದ್ದೊಂದು ದ್ರಾಕ್ಷಿ ತೋಟವಿದೆ. ಊರ ಹೊರಗಲ್ಲ, ಊರೊಳಗೇ, ರೈಲ್ವೆ ಸ್ಟೇಷನ್ನಿಗೆ ಕಾಣುವ ಇಳಿಜಾರಿನಲ್ಲಿ. ಕಾರ್ಲ್‌ಗೆ ವಯಸ್ಸಾಯಿತು, ಕಿವಿ ಸರಿಯಾಗಿ ಕೇಳುವುದಿಲ್ಲ, ಮೆಟ್ಟಿಲು ಹತ್ತುವುದು ಕಷ್ಟ. ಈ ಅಕ್ಟೋಬರಿನ ಕೊಯ್ಲು ಮುಗಿಸಿ ತೋಟವನ್ನು ಪಕ್ಕದ ಎಳೆ ದಂಪತಿಗೆ ಬಿಟ್ಟುಕೊಡುತ್ತಾನಂತೆ.

"ಮದುವೆಯಾಗಿ ಬಂದ ಮೇಲೆ ನಾನು ಊರಿಗೆ ಹೋದದ್ದೆಲ್ಲ ಬೇಸಿಗೆ ರಜೆಯಲ್ಲಿ," ಎಂದರು. "ಕೊಯ್ಲಿನ ಹೊತ್ತಿಗೆ ಇಲ್ಲಿ ಮಕ್ಕಳ ಸ್ಕೂಲು. ಒಂದು ಗೊಂಚಲೂ ಕತ್ತರಿಸಿಲ್ಲ, ಫ್ರೌ ರಾವ್. ಒಂದೇ ಒಂದು."

ಮಗಳು ಮೋನಿಕಾ ಓಕ್ಲೆಂಡಿನಲ್ಲಿ ನರ್ಸು. ಆ ಭಾನುವಾರ ಬಂದಳು. ಬಾಗಿಲು ತೆರೆದೇ ಇದ್ದುದರಿಂದ ಅವಳ ಮಾತು ನನ್ನ ಅಡುಗೆಮನೆಗೂ ಕೇಳುತ್ತಿತ್ತು. "ಮಮ್ಮಾ, ಆ ತೋಟದ ಮೆಟ್ಟಿಲು ನೆನಪಿದೆಯಾ? ಹೊಸ ಮಂಡಿ ಹಾಕಿಸಿಕೊಂಡು ವರ್ಷವಾಗಿಲ್ಲ. ಇಂಪಾಸಿಬಲ್." ತಾಯಿ ಹಟ ಬಿಡಲಿಲ್ಲ. ಆಮೇಲೆ, "ಸರಿ. ಸೆಪ್ಟೆಂಬರಿನೊಳಗೆ ಈ ಕಟ್ಟಡವನ್ನೇ ಕೆಳಗಿನಿಂದ ಮೇಲಿನವರೆಗೆ, ಕೋಲಿಲ್ಲದೆ, ನಡುವೆ ಕೂರದೆ ಹತ್ತಿ ತೋರಿಸು. ಟಿಕೆಟ್ ನಾನೇ ತೆಗೆಯುತ್ತೇನೆ." ತಾಯಿಗೆ ಆಗುವುದಿಲ್ಲ ಎಂಬ ಧೈರ್ಯದ ಮೇಲೇ ಹೇಳಿದ ಮಾತು ಅದು.

ಮರುದಿನ ಬೆಳಿಗ್ಗೆ ನಾನು ಕ್ಯಾನ್‌ವಾಸ್ ಶೂ ಹಾಕಿಕೊಂಡು ಅವರ ಬಾಗಿಲು ತಟ್ಟಿದೆ. ಶುಭಾಗೆ ಫೋನಿನಲ್ಲಿ ಹೇಳಿದರೆ, "ಅಮ್ಮಾ, ನಿನಗೇ ಮಂಡಿ ನೋವು! ನೀನ್ಯಾವ ಸೀಮೆ ಕೋಚು?" ಎಂದು ಬಿದ್ದು ಬಿದ್ದು ನಕ್ಕಳು.

ಮೊದಲ ದಿನ ಅವರು ನಾಲ್ಕಾರು ಮೆಟ್ಟಿಲಿಗೇ ಹಲ್ಲು ಕಚ್ಚಿದರು. ಸುಮ್ಮನೆ ಹತ್ತಿದರೆ ಮಂಡಿಯ ಕಡೆಗೇ ಗಮನ ಹೋಗುತ್ತದೆ ಎನ್ನಿಸಿತು.

"ನಿಮ್ಮ ಊರು ತೋರಿಸಿ," ಎಂದೆ. "ನನಗೆ ಸ್ಟುಟ್‌ಗಾರ್ಟ್ ಎಂದರೆ ಸಿಸ್ಟರ್ ಆಗ್ನೆಸ್ ಜಿಯಾಗ್ರಫಿ ಕ್ಲಾಸಿನಲ್ಲಿ ಮ್ಯಾಪಿಗೆ ಬೆತ್ತ ತಾಗಿಸಿ, 'ಮೋಟರ್ ಕಾರ್ಸ್, ಮೆಶಿನರಿ, ಬುಕ್ಸ್, ಗರ್ಲ್ಸ್' ಎಂದದ್ದಷ್ಟೇ ಗೊತ್ತು. ಮುಂದಿನ ನಿಮಿಷ ನಾವು ಮ್ಯೂನಿಕ್‌ನಲ್ಲಿದ್ದೆವು."

ಫ್ರೌ ಹೇಬರ್ಲೆಗೆ ಅವಮಾನವೇ ಆಯಿತು. ನನ್ನನ್ನು ಮತ್ತೆ ಕೆಳಗೆ ಮೇಲ್‌ಬಾಕ್ಸುಗಳ ಬಳಿಗೆ ಕರೆದುಕೊಂಡು ಹೋದರು. "ಇಲ್ಲಿಂದ ಶುರು," ಎಂದರು. "ನಮ್ಮ ಊರು ಒಂದು ಕೊಪ್ಪರಿಗೆ. ಸುತ್ತ ಗುಡ್ಡ, ನಡುವೆ ತಗ್ಗು. ನಾವೀಗ ತಳದಲ್ಲಿದ್ದೇವೆ."

ಹಾಗೆ ನಮ್ಮ ಮೇಲ್‌ಬಾಕ್ಸುಗಳ ಸಾಲು ಅರಮನೆಯ ಚೌಕವಾಯಿತು. ಲಾಂಡ್ರಿ ರೂಮಿನ ಬಾಗಿಲು ಒಪೆರಾ ಹೌಸು. ಅಲ್ಲಿನ ಬ್ಯಾಲೆ ಜಗತ್ತಿಗೇ ಗೊತ್ತು, ಆದರೆ ಫ್ರೌ ಹೇಬರ್ಲೆಯ ತಾಯಿ ಸಂತೆಯ ಆಲೂಗಡ್ಡೆ ಚೀಲವನ್ನು ಕಾಲ ಬಳಿ ಇಟ್ಟುಕೊಂಡೇ ಅದನ್ನು ನೋಡುತ್ತಿದ್ದರಂತೆ. ರೀಸೈಕ್ಲಿಂಗ್ ಡಬ್ಬಗಳ ಜಾಗದಲ್ಲಿ ರೈಲ್ವೆ ಸ್ಟೇಷನ್ನು. ಅದನ್ನು ನೆಲದಡಿಗೆ ಇಳಿಸುತ್ತೇವೆಂದು ವರ್ಷಗಟ್ಟಲೆಯಿಂದ ಅಗೆಯುತ್ತಿದ್ದಾರೆ, ಮುಗಿಯುವ ಲಕ್ಷಣವೇ ಇಲ್ಲ ಎಂದು ಅವರು ಕೊರಗಿದಾಗ ನಾನೆಂದೆ: "ಬೆಂಗಳೂರಿನವಳ ಮುಂದೆ ಅಗೆಯುವ ಮಾತು ಎತ್ತಬೇಡಿ. ಸೋಲುತ್ತೀರಿ."

ಪಾರ್ಕಿಂಗ್ ಲಾಟಿನ ಆಚೆ ನೆಕ್ಕರ್ ನದಿ, ಅದರ ದಂಡೆಗೆ ಕಾರ್ಖಾನೆಗಳು. ಅವರು ಮದುವೆಗೆ ಮುಂಚೆ ಅಲ್ಲೊಂದರಲ್ಲಿ ಎಂಜಿನ್ ಭಾಗಗಳ ಡ್ರಾಯಿಂಗ್ ಬರೆಯುತ್ತಿದ್ದರು. ಬೆಳಗಿನ ಶಿಫ್ಟಿಗೆ ಟ್ರಾಮಿನಲ್ಲಿ ಇಟಲಿಯವರು, ಗ್ರೀಸಿನವರು, ಟರ್ಕಿಯವರು. ಒಬ್ಬೊಬ್ಬರ ಊಟದ ಡಬ್ಬದ್ದೂ ಒಂದೊಂದು ವಾಸನೆ. "ಕಾರು ಹುಟ್ಟಿದ್ದೇ ನಮ್ಮಲ್ಲಿ," ಎಂದು ಪಾರ್ಕಿಂಗ್ ಲಾಟಿನ ಕಡೆ ಕೈ ಬೀಸಿದರು, ಅಲ್ಲಿ ನಿಂತ ಜಪಾನಿನ ಕಾರುಗಳೂ ತಮ್ಮ ಮೊಮ್ಮಕ್ಕಳೇ ಎಂಬಂತೆ. "ಮ್ಯಾನ್‌ಹೈಮಿನವರು ತಮ್ಮಲ್ಲಿ ಎನ್ನುತ್ತಾರೆ. ಅವರ ಮಾತು ಬಿಡಿ." ನದಿಯ ಬಳಿ ಖನಿಜ ನೀರಿನ ಬುಗ್ಗೆಗಳೂ ಇವೆ. ನೆಲದಿಂದಲೇ ಸೋಡಾ ಬರುತ್ತದೆ, ಅಜ್ಜಂದಿರು ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು ರಾಜಕೀಯ ಮಾತಾಡುತ್ತಾರೆ.

ಜೂನ್ ಬರುವಷ್ಟರಲ್ಲಿ ನಡುವಿನ ಮಹಡಿ ದಾಟಿದೆವು. ಕೊಪ್ಪರಿಗೆಯ ಊರಾದ್ದರಿಂದ ಅಲ್ಲಿ ಬೀದಿಗಳೇ ಮೆಟ್ಟಿಲುಗಳಂತೆ. ಹಾಲಿಗೆ ಹೋದರೂ ಮೆಟ್ಟಿಲು, ಚರ್ಚಿಗೆ ಹೋದರೂ ಮೆಟ್ಟಿಲು. ಒಂದು ತಿರುವಿನಲ್ಲಿ ಚಪ್ಪಟೆ ಚಾವಣಿಯ ಬಿಳಿ ಮನೆಗಳ ಕಾಲೊನಿ. ಕಟ್ಟಿದಾಗ ಊರವರು ಶೂ ಡಬ್ಬಗಳು ಎಂದು ನಕ್ಕಿದ್ದನ್ನು ಈಗ ಜಗತ್ತಿನ ಮೂಲೆ ಮೂಲೆಯ ಆರ್ಕಿಟೆಕ್ಟುಗಳು ಟಿಕೆಟ್ ಕೊಂಡು ನೋಡುತ್ತಾರೆ. ನಮ್ಮ ಪಕ್ಕದ ಬಿಳಿ ಗೋಡೆಗೆ ಕೈಯಿಟ್ಟು, "ಇದು ಹೊಸ ಲೈಬ್ರರಿ," ಎಂದರು. ಹೊರಗೆ ಚೌಕ ಪೆಟ್ಟಿಗೆ, ಒಳಗೆ ಎಲ್ಲ ಬಿಳುಪು, ಬಣ್ಣವೆಂದರೆ ಪುಸ್ತಕದ್ದು ಮಾತ್ರ. ಅದರ ಮೇಲಕ್ಕೆ ಕಲ್ಲು ಕಟ್ಟಿದ ದ್ರಾಕ್ಷಿ ಸಾಲುಗಳು. ತೋಟದವರು ತಾವು ಮಾಡಿದ ವೈನನ್ನು ಕೆಲವು ವಾರ ಮನೆಯಲ್ಲೇ ಮಾರುತ್ತಾರೆ. ಆ ವಾರಗಳಲ್ಲಿ ಗುರುತಿಗೆಂದು ಬೀದಿಬಾಗಿಲಿಗೆ ಪೊರಕೆ ನೇತುಹಾಕುತ್ತಾರೆ.

"ಪೊರಕೆಯನ್ನೇ? ಬೀದಿಬಾಗಿಲಿಗೆ?" ಎಂದೆ. "ನಮ್ಮಲ್ಲಿ ಅತಿಥಿಗಳು ಬಂದರೆ ಅದನ್ನು ಬಾಗಿಲ ಸಂದಿಗೆ ದೂಡುತ್ತೇವೆ."

"ಅದಕ್ಕೇ ನಿಮ್ಮ ಅತಿಥಿಗಳಿಗೆ ವೈನು ಸಿಗುವುದಿಲ್ಲ," ಎಂದರು, ಒಂದಿಷ್ಟೂ ನಗದೆ.

ಜುಲೈಯಲ್ಲಿ ಗುಡ್ಡಗಳು ಹುರಿದ ರವೆಯ ಬಣ್ಣಕ್ಕೆ ತಿರುಗಿದವು. ಬಿಸಿಲೇರುವ ಮೊದಲೇ ಹೊರಡುತ್ತಿದ್ದೆವು. ಊರುಗೋಲು ಕೆಳಗೆ ಮೇಲ್‌ಬಾಕ್ಸಿಗೆ ಒರಗಿ ಕಾಯುತ್ತಿತ್ತು. ಮೂರನೆಯ ಮಹಡಿಯ ಕೊನೆಯ ಮೆಟ್ಟಿಲು ಏರಿದ ದಿನ ಅವರು ರೇಲಿಂಗ್ ಹಿಡಿದು ಬಹಳ ಹೊತ್ತು ಆಚೆಯ ಗುಡ್ಡ ನೋಡಿದರು. ಇದು ಕೊಪ್ಪರಿಗೆಯ ಅಂಚು, ಕಾಡು. ಎಡಕ್ಕೆ ಟಿ.ವಿ. ಟವರು, ಕಾಂಕ್ರೀಟಿನಲ್ಲಿ ಕಟ್ಟಿದ ಜಗತ್ತಿನ ಮೊದಲನೆಯದು. ಬಲಕ್ಕೆ ಒಂದು ಗುಡ್ಡ.

"ಯುದ್ಧದಲ್ಲಿ ಊರಿನ ಮೇಲೆ ಬಾಂಬು ಬಿತ್ತು," ಎಂದರು. "ನಾನು ಕೈಗೂಸು. ಮುರಿದ ಮನೆಗಳ ಕಲ್ಲನ್ನೆಲ್ಲ ಆ ಗುಡ್ಡದ ಮೇಲೆ ಹೊತ್ತು ಸುರಿದರು. ಗುಡ್ಡ ಎತ್ತರವಾಯಿತು. ಅಲ್ಲಿಗೆ ವಾಕಿಂಗ್ ಹೋದರೆ ಕಲ್ಲುಗಳ ನಡುವೆ ಕಿಟಕಿಯ ಚೌಕಟ್ಟು, ಬಾಗಿಲ ಕಮಾನು ಕಾಣುತ್ತವೆ. ಅದರ ಮೇಲೆ ಕೂತು ಜನ ಸ್ಯಾಂಡ್‌ವಿಚ್ ತಿನ್ನುತ್ತಾರೆ. ನಾವೂ ತಿಂದಿದ್ದೇವೆ." ನಾನೂ ರೇಲಿಂಗ್ ಹಿಡಿದು ಆ ಕಡೆ ನೋಡಿದೆ. ಅವರೇ, "ನೋಟ ಚೆನ್ನಾಗಿದೆ ಅಲ್ಲಿಂದ," ಎಂದರು.

ಆಗಸ್ಟಿನ ಒಂದು ಬೆಳಿಗ್ಗೆ ನಡುವಿನ ಮಹಡಿ ದಾಟಿದ್ದೆವು ಅಷ್ಟೆ, ಅವರು ಮಾತು ನಿಲ್ಲಿಸಿ ಮೆಟ್ಟಿಲ ಮೇಲೇ ಕುಸಿದು ಕೂತರು. ಮುಖ ಸುಣ್ಣದ ಹಾಗೆ. ನಾನು ಹೇಗೋ ಮನೆಗೆ ಓಡಿ ಉಪ್ಪು ಹಾಕಿದ ಮಜ್ಜಿಗೆ ತಂದು ಕುಡಿಸಿದೆ. ಬಣ್ಣ ಮರಳಿತು. ಕೂಡಲೇ ನನ್ನ ಮಣಿಕಟ್ಟು ಹಿಡಿದರು.

"ಮೋನಿಕಾಗೆ ಹೇಳಬೇಡಿ."

"ಹೇಳಬೇಕು. ನೀವು ಹೇಳದಿದ್ದರೆ ನಾನು ಹೇಳುತ್ತೇನೆ."

"ಫ್ರೌ ರಾವ್, ಇದು ಕೊನೆಯ ಕೊಯ್ಲು."

"ಕೊಯ್ಲಿಗೆ ನೀವು ಇರಬೇಕಲ್ಲ!"

ಅವರು ಹೇಳಲಿಲ್ಲ, ಮಧ್ಯಾಹ್ನ ನಾನೇ ಮೋನಿಕಾಗೆ ಫೋನು ಮಾಡಿದೆ. ಸಂಜೆಯಿಂದ ಎದುರು ಬಾಗಿಲು ಮುಚ್ಚಿತು. ಸೋಮವಾರ ಬೋರ್ಡು ನನ್ನ ಬಾಗಿಲಿಗೆ ಬರಬೇಕಿತ್ತು, ಬರಲಿಲ್ಲ. ಅವರು ತಮ್ಮ ವಾರ ಮುಗಿಸಿ ನನ್ನ ವಾರವನ್ನೂ ತಾವೇ ಗುಡಿಸಿದರು. ಅದಕ್ಕಿಂತ ದೊಡ್ಡ ಬೈಗುಳ ಆ ಊರಿನಲ್ಲಿಲ್ಲ ಎಂದು ನನಗೆ ಗೊತ್ತಾಗಿತ್ತು. "ನೀನು ಕರೆಕ್ಟಾಗೇ ಮಾಡ್ದೆ ಅಮ್ಮಾ," ಎಂದು ಶುಭಾ ಸಾರಿ ಸಾರಿ ಹೇಳಿದಳು. ಇರಬಹುದು. ಆದರೆ ಸಾರು ಮಾಡಿದರೆ ಅದಕ್ಕೆ ಉಪ್ಪು ಹಾಕುವುದೇ ಮರೆಯುತ್ತಿತ್ತು.

ಅದರ ಮುಂದಿನ ಸೋಮವಾರ ಬಾಗಿಲು ತೆರೆದರೆ ಬೋರ್ಡು ನನ್ನ ಹಿಡಿಕೆಗೆ ತೂಗುತ್ತಿತ್ತು. ಎದುರಿಗೆ ಸ್ಟೂಲಿನ ಮೇಲೆ ಫ್ರೌ ಹೇಬರ್ಲೆ.

"ಬಿ.ಪಿ. ಮಾತ್ರೆ ಜಾಸ್ತಿಯಾಗಿತ್ತು," ಎಂದರು. "ಡಾಕ್ಟರು ಅರ್ಧ ಮಾಡಿದ್ದಾರೆ. ಹತ್ತುವುದು ನಿಲ್ಲಿಸಬೇಡಿ ಎಂದಿದ್ದಾರೆ. ಮಂಡಿಯ ತಪ್ಪಲ್ಲ. ನನ್ನ ತಪ್ಪೂ ಅಲ್ಲ."

"ನನ್ನದು?"

ಪಕ್ಕದಲ್ಲಿದ್ದ ಪೊರಕೆಯನ್ನು ನನ್ನ ಕಡೆ ಚಾಚಿದರು. "ಗುಡಿಸಿ," ಎಂದರು. "ನಿಮ್ಮ ವಾರ."

ಸೆಪ್ಟೆಂಬರಿನ ಒಂದು ಭಾನುವಾರ ಮೋನಿಕಾ ನೈಟ್ ಶಿಫ್ಟ್ ಮುಗಿಸಿ ಕಾಫಿ ಲೋಟದ ಸಮೇತ ನೇರವಾಗಿ ಬಂದಳು. ಫ್ರೌ ಹೇಬರ್ಲೆ ಉಣ್ಣೆ ಸ್ಕರ್ಟು ಹಾಕಿ, ಚರ್ಚಿಗೆ ಹೊರಟವರಂತೆ ತಲೆ ಬಾಚಿದ್ದರು. ಕೋಲನ್ನು ಮೋನಿಕಾಳ ಕೈಗೇ ಕೊಟ್ಟು ಹತ್ತತೊಡಗಿದರು. ಹಿಂದೆ ನಾನು, ನನ್ನ ಹಿಂದೆ ಮೋನಿಕಾ. ಗಣಪತಿಯನ್ನು ನೆನೆದೆ. ಸಾಲದು ಎನಿಸಿ ಕಾನ್ವೆಂಟಿನ ಅಭ್ಯಾಸಕ್ಕೆ ಮೇರಿಯಮ್ಮನನ್ನೂ ನೆನೆದೆ. ಅವರು ಮೊದಲ ತಿರುವಿನಲ್ಲಿ ನಿಲ್ಲಲಿಲ್ಲ. ನಡುವಿನ ಮಹಡಿಯಲ್ಲಿ ತಮ್ಮ ಬಾಗಿಲ ಕಡೆಗೂ ತಿರುಗಲಿಲ್ಲ. ಮೇಲಿನ ಸಾಲಿನಲ್ಲಿ ಹೆಜ್ಜೆ ನಿಧಾನವಾಯಿತು, ಉಸಿರು ದೊಡ್ಡದಾಯಿತು. "ಈಗ ದ್ರಾಕ್ಷಿ ತೋಟ, ಈಗ ಕಾಡಿನ ಅಂಚು," ಎಂದು ನಾನು ಹಿಂದಿನಿಂದ ಪಿಸುಗುಟ್ಟುತ್ತಿದ್ದೆ. ಕೊನೆಯ ಮೆಟ್ಟಿಲು ಏರಿ ತಿರುಗಿ ನೋಡಿದರೆ ಮೋನಿಕಾ ಇಲ್ಲ. ಅರ್ಧ ಮಹಡಿ ಕೆಳಗೆ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಊರುಗೋಲು, ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು.

"ಮೋನಿಕಾ," ಎಂದರು ತಾಯಿ ಮೇಲಿನಿಂದ, "ನಿನ್ನನ್ನು ಅಲ್ಲಿ ಹತ್ತಿಸುವವರು ಯಾರು?"

ಮೋನಿಕಾ ಮೊದಲು ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. "ಎರಡು ಟಿಕೆಟ್, ಮಮ್ಮಾ. ನಾನೂ ಕೊಯ್ಲು ನೋಡಿಲ್ಲ."

ನನ್ನ ನಾಲಿಗೆಯ ತುದಿಗೂ ಒಂದು ಮಾತು ಬಂದಿತ್ತು, ಸುಳ್ಳೇಕೆ. ಆದರೆ ತಾಯಿ ಮಗಳ ನಡುವೆ ಮೂರನೆಯವಳು ಯಾಕೆ ಎಂದು ನುಂಗಿಕೊಂಡೆ. ಅವರು ಹೊರಟ ದಿನ ಬೋರ್ಡು ನನ್ನ ಬಾಗಿಲಿನಲ್ಲಿತ್ತು. ಅವರು ಬರುವವರೆಗೂ ನಾನೇ ಗುಡಿಸಿದೆ. ಮೆಟ್ಟಿಲನ್ನೂ ಒಬ್ಬಳೇ ಹತ್ತುತ್ತಿದ್ದೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದೆ, ವಿಡಿಯೊ ಕಾಲ್ ಬಂತು. ಅಲ್ಲಿ ಇಳಿಹೊತ್ತು. ಫ್ರೌ ಹೇಬರ್ಲೆಯ ಮುಖ ಕೆಂಪಾಗಿ ಹೊಳೆಯುತ್ತಿತ್ತು. ತಲೆಗೊಂದು ವಸ್ತ್ರ ಕಟ್ಟಿದ್ದರು. ಕೆಳಗಿನ ಕಲ್ಲುಗೋಡೆಯ ಮೇಲೆ ಮೋನಿಕಾ ಶೂ ಬಿಚ್ಚಿ ಕೂತಿದ್ದಳು.

"ನೋಡಿ," ಎಂದು ಅವರು ಫೋನು ತಿರುಗಿಸಿದರು.

ನೋಡಿದೆ. ಹಳದಿ ಎಲೆಯ ಸಾಲುಗಳು, ಅವುಗಳ ಕೆಳಗೆ ಸ್ಟೇಷನ್ನಿನ ದೊಡ್ಡ ಗುಂಡಿ, ಕ್ರೇನುಗಳು. ಪಕ್ಕದಲ್ಲಿ ಬಿಳಿ ಪೆಟ್ಟಿಗೆಯಂಥ ಲೈಬ್ರರಿ. ಎದುರು ಗುಡ್ಡದ ನೆತ್ತಿಯಲ್ಲಿ ಸೂಜಿಯಂಥ ಟವರು. ಅವರು ಬಾಯಿ ತೆರೆಯುವ ಮೊದಲೇ ನಾನು ಒಂದೊಂದನ್ನೂ ಹೆಸರಿಟ್ಟು ಕರೆದೆ. ಪಕ್ಕದಲ್ಲಿ ನಿಂತಿದ್ದ ಎಳೆಯ ಗಂಡ ಹೆಂಡತಿ ಕೈ ಬೀಸಿದರು. ತೋಟ ವಹಿಸಿಕೊಳ್ಳುವವರು ಅವರೇ, ತಾತಂದಿರು ಗ್ರೀಸಿನಿಂದ ಕಾರ್ಖಾನೆಗೆ ಬಂದವರಂತೆ. ಅಣ್ಣ ಕಾರ್ಲ್ ಕತ್ತರಿ ಚಾಚಿ ತಂಗಿಗೆ ಏನೋ ಗದರಿದ.

"ಮಾತು ಸಾಕು, ಕೆಲಸ ಮಾಡು ಎನ್ನುತ್ತಿದ್ದಾನೆ," ಎಂದರು ಫ್ರೌ ಹೇಬರ್ಲೆ. "ಇದಕ್ಕೆ ಎರಡೂ ಕೈ ಬೇಕು, ಫ್ರೌ ರಾವ್. ಇರಿ."

ಫೋನನ್ನು ಕಾರ್ಲ್ ಕೈಗೆ ಕೊಟ್ಟರು. ಕಿವಿ ಕೇಳದ ಆ ಮಹಾರಾಯ ಅದನ್ನು ಜೋಪಾನವಾಗಿ ಬಕೆಟ್ಟಿನೊಳಗೆ ಇಟ್ಟ. ನನಗೆ ಒಂದು ಗುಂಡಗಿನ ಆಕಾಶ ಕಾಣಿಸಿತು, ಅದರ ಅಂಚಿನಲ್ಲಿ ಫ್ರೌ ಹೇಬರ್ಲೆಯ ಗಲ್ಲ. ಕತ್ತರಿ ಕಚ್ ಎಂದಿತು. ಒಂದು ಕಪ್ಪು ಗೊಂಚಲು ದಬ್ ಎಂದು ನನ್ನ ಮುಖದ ಮೇಲೇ ಬಿತ್ತು.

"ಫ್ರೌ ಹೇಬರ್ಲೆ! ನಾನು ಬಕೆಟ್ಟಿನಲ್ಲಿದ್ದೇನೆ!" ಎಂದು ಕೂಗಿದೆ. ಯಾರಿಗೂ ಕೇಳಲಿಲ್ಲ. ಇನ್ನೊಂದು ಗೊಂಚಲು, ಮತ್ತೊಂದು. ಆಕಾಶ ಒಂದು ತಟ್ಟೆಯಷ್ಟಾಯಿತು, ಬಟ್ಟಲಿನಷ್ಟಾಯಿತು, ಒಂದು ಅಂಗಿಯ ಗುಂಡಿಯಷ್ಟಾಗಿ ಮುಚ್ಚಿಹೋಯಿತು.

ನವರಾತ್ರಿ ಬೊಂಬೆಗಳ ಡಬ್ಬ ಹಿಡಿದು ಶುಭಾ ಒಳಗೆ ಬಂದವಳು ನನ್ನ ಭುಜದ ಮೇಲಿಂದ ಇಣುಕಿದಳು. "ಅಮ್ಮಾ, ಸ್ಕ್ರೀನೆಲ್ಲ ಕಪ್ಪಾಗಿದೆಯಲ್ಲ, ಕಟ್ ಮಾಡ್ಲಾ?"

"ಬೇಡ್ವೇ," ಎಂದೆ. "ಇನ್ನೂ ಕೀಳ್ತಿದಾರೆ."

ಅವಳು ಡಬ್ಬ ಕೆಳಗಿಟ್ಟು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಕತ್ತರಿಯ ಸದ್ದು ಕೇಳುತ್ತ ಇಬ್ಬರೂ ಕೂತೆವು.